ಕಣ್ಣಿನಿಂದ ಆಲಿಸಿದ ನಟ ಬಾಲಕೃಷ್ಣ



ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ, ಅವರ ಕಾಲದ ಸಿನೆಮಾಗಳ ಬಗ್ಗೆ ಒಮ್ಮೆ ಕೇಳಿ ನೋಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಾದ ನಮಗೆ ಕೊಲ್ಲಾಪುರ, ಸಾಂಗ್ಲಿ ಹತ್ತಿರ. ಮರಾಠಿ ಚಿತ್ರ, ಹಿಂದಿ ಚಿತ್ರ, ಕನ್ನಡ ಚಿತ್ರ ಎಂಬ ಭೇದವಿಲ್ಲದೆ ಎಲ್ಲವನ್ನೂ ನೋಡಿದವರು ನಮ್ಮ ಹಿರಿಯರು. ಕನ್ನಡ ಚಿತ್ರದ ಮಾತು ಬಂದರೆ ಅವರು ಮೊದಲು ಹೇಳುವ ಹೆಸರು ರಾಜಕುಮಾರ. ಆಗ ಇನ್ನೊಂದು ಪ್ರಶ್ನೆ ಕೇಳಿ. ಆ ಚಿತ್ರಗಳಲ್ಲಿ ಒಮ್ಮೆ ಮನೆ ಮುರಿಯುವ ಕುಹಕಿಯಾಗಿ, ಒಮ್ಮೆ ನಗಿಸುವ ಮುದುಕನಾಗಿ, ಇನ್ನೊಮ್ಮೆ ಕಣ್ಣೀರು ತರಿಸುವ ತಂದೆಯಾಗಿ ಬರುತ್ತಿದ್ದವರು ಯಾರು? ಹಿರಿಯರ ಮುಖ ಅರಳುತ್ತದೆ. ಅವರೇ ಟಿ.ಎನ್. ಬಾಲಕೃಷ್ಣ. ಚಿತ್ರರಂಗದವರಿಗೆ ಪ್ರೀತಿಯ ಬಾಲಣ್ಣ.

ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಈ ಮನುಷ್ಯನಿಗೆ ಕಿವಿ ಕೇಳುತ್ತಿರಲಿಲ್ಲ ಎಂಬ ಸಂಗತಿ ನಿಮಗೆ ಗೊತ್ತೇ? ಅವರ ಚಿತ್ರಗಳನ್ನು ಹತ್ತಾರು ಬಾರಿ ನೋಡಿದವರಿಗೂ ಇದು ಗೊತ್ತಿರುವುದಿಲ್ಲ. ಅಷ್ಟರ ಮಟ್ಟಿಗೆ ಅವರು ತಮ್ಮ ಕೊರತೆಯನ್ನು ಗೆದ್ದಿದ್ದರು.

ಬಾಲಕೃಷ್ಣ ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಮನೆಯಲ್ಲಿ ಕಡುಬಡತನ. ಅದರ ಮೇಲೆ ಚಿಕ್ಕಂದಿನಲ್ಲೇ ಕಿವಿ ಮಂದವಾಯಿತು. ಆ ಕಾಲದಲ್ಲಿ ಬಡವರ ಮನೆಯ ಕಿವುಡ ಮಗುವಿಗೆ ಯಾವ ದಾರಿಯಿತ್ತು ಎಂದು ನೀವೇ ಯೋಚಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಾರಂಭವಾದದ್ದು 1960ರ ದಶಕದಲ್ಲಿ. ಅಷ್ಟು ಹೊತ್ತಿಗೆ ಬಾಲಕೃಷ್ಣ ಐವತ್ತು ದಾಟಿದ್ದರು. ಹುಡುಗನಾಗಿದ್ದ ಅವರನ್ನು ಕೈಹಿಡಿದದ್ದು ನಾಟಕ ಕಂಪನಿ.

ಆದರೆ ಕಂಪನಿ ನಾಟಕವೇನು ಸುಲಭದ ಕೆಲಸವೇ? ನಟ ಮಾತು ಮರೆತರೆ ಪರದೆಯ ಹಿಂದಿನಿಂದ ಒಬ್ಬರು ಮೆಲ್ಲಗೆ ಹೇಳಿಕೊಡುತ್ತಾರೆ. ಹಾರ್ಮೋನಿಯಂ ಸ್ವರ ಹಿಡಿದು ಹಾಡಿಗೆ ದಾರಿ ತೋರಿಸುತ್ತದೆ. ಬೇರೆ ನಟರಿಗಿದ್ದ ಈ ಆಸರೆಗಳು ಬಾಲಕೃಷ್ಣರ ಪಾಲಿಗೆ ಇದ್ದೂ ಇಲ್ಲದಂತೆ. ಅದಕ್ಕಾಗಿ ಅವರು ಬೇರೆಯೇ ಒಂದು ಅಭ್ಯಾಸ ಮಾಡಿಕೊಂಡರು. ತಮ್ಮ ಮಾತುಗಳ ಜೊತೆಗೆ ಎದುರಿನವರ ಮಾತುಗಳನ್ನೂ ಬಾಯಿಪಾಠ ಮಾಡುವುದು. ಅವರ ತುಟಿಯ ಚಲನೆಯನ್ನು ಕಣ್ಣಿಟ್ಟು ನೋಡುವುದು. ಅವರ ಮಾತು ಮುಗಿದದ್ದನ್ನು ತಿಳಿದು ತಮ್ಮ ಮಾತು ಆಡುವುದು. ಬೇರೆಯವರು ಕಿವಿಯಿಂದ ಆಲಿಸಿದರೆ ಇವರು ಕಣ್ಣಿನಿಂದ ಆಲಿಸಿದರು.

1943ರಲ್ಲಿ ಬಂದ ‘ರಾಧಾರಮಣ’ ಅವರ ಮೊದಲ ಚಿತ್ರ. ಮುಂದೆ ನಿರ್ದೇಶಕರಾಗಿ ಹೆಸರು ಮಾಡಿದ ಜಿ.ವಿ. ಅಯ್ಯರ್ ಬೆಳ್ಳಿತೆರೆಗೆ ಬಂದದ್ದೂ ಅದೇ ಚಿತ್ರದಿಂದ. ಆ ಕಾಲದಲ್ಲಿ ಹೆಚ್ಚಿನ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಕಲಾವಿದರ ಹೊಟ್ಟೆಪಾಡು ಕಷ್ಟವಾದಾಗ ರಾಜಕುಮಾರ, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ, ಈ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿಕೊಂಡರು. ಊರೂರು ತಿರುಗಿ ನಾಟಕವಾಡಿದರು. 1960ರಲ್ಲಿ ಅದೇ ಸಂಘದ ಹೆಸರಿನಲ್ಲಿ ‘ರಣಧೀರ ಕಂಠೀರವ’ ಎಂಬ ಐತಿಹಾಸಿಕ ಚಿತ್ರ ಹೊರಬಂತು. ನಮ್ಮ ಭಾಗ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ನಾಲ್ಕು ವರ್ಷ. ಮೈಸೂರಿನ ಅರಸನ ಕಥೆಯನ್ನು ಗಡಿಭಾಗದ ಜನ ತೆರೆಯ ಮೇಲೆ ಕಂಡದ್ದು ಈ ಕಲಾವಿದರ ಬೆವರಿನಿಂದ.

ಪೌರಾಣಿಕ, ಐತಿಹಾಸಿಕ, ಜಾನಪದ, ಸಾಮಾಜಿಕ ಎಂದು ಕನ್ನಡದಲ್ಲಿ ಎಷ್ಟು ಬಗೆಯ ಚಿತ್ರಗಳು ಬಂದವೋ ಅಷ್ಟರಲ್ಲೂ ಬಾಲಕೃಷ್ಣ ಇದ್ದರು. 1972ರ ‘ಬಂಗಾರದ ಮನುಷ್ಯ’ ನಿಮಗೆ ನೆನಪಿರಬಹುದು. ಬರಡು ನೆಲವನ್ನು ಹೊಲವಾಗಿ ಮಾಡಹೊರಟ ರಾಜೀವನಿಗೆ ಬೆನ್ನೆಲುಬಾಗಿ ನಿಲ್ಲುವ ರಾಚೂಟಪ್ಪನ ಪಾತ್ರ ಅವರದು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವ ನಮ್ಮ ರೈತರಿಗೆ ಅಂಥ ಒಬ್ಬ ಹಿರಿಯನ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಅದರ ಮೂಲ ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ನಾಟಕ. ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಮ್ಮ ಜನಕ್ಕೆ ಅದು ಮನೆಯ ಕಥೆಯಂತೆಯೇ ಇತ್ತು. ಆ ಚಿತ್ರದಲ್ಲೂ ಬಾಲಕೃಷ್ಣರಿಗೆ ಒಂದು ಪಾತ್ರವಿತ್ತು.

ನಾಯಕನ ಹೆಸರು ದೊಡ್ಡ ಅಕ್ಷರದಲ್ಲಿ, ಇಂಥವರ ಹೆಸರು ಚಿಕ್ಕ ಅಕ್ಷರದಲ್ಲಿ. ಆದರೂ ಇಂಥ ನಟರಿಲ್ಲದೆ ಕಥೆ ನಿಲ್ಲುವುದಿಲ್ಲ. ಕೆಡುಕ ಕೆಡುಕನಾಗಿ ಕಂಡರೆ ತಾನೇ ನಾಯಕನ ಒಳ್ಳೆಯತನ ಬೆಳಗುವುದು? ಮನೆಯಲ್ಲೂ ಹಾಗೆಯೇ ಅಲ್ಲವೇ? ಎಲ್ಲರ ಊಟ ಮುಗಿದ ಮೇಲೆ ಉಣ್ಣುವವರ ಹೆಸರನ್ನು ಯಾರೂ ಕೂಗಿ ಹೇಳುವುದಿಲ್ಲ. ಆದರೆ ಮನೆ ನಿಂತಿರುವುದು ಅವರಿಂದಲೇ.

ಬಾಲಕೃಷ್ಣರಿಗೆ ಒಂದು ದೊಡ್ಡ ಕನಸಿತ್ತು. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಬೇಕು, ಕಲಾವಿದರು ಮದರಾಸಿಗೆ ಅಲೆಯುವುದು ತಪ್ಪಬೇಕು. ಸರ್ಕಾರ ಬೆಂಗಳೂರಿನ ಕೆಂಗೇರಿ ಬಳಿ ಸುಮಾರು 20 ಎಕರೆ ಜಮೀನು ಕೊಟ್ಟಿತು. ಅಲ್ಲಿ ಅವರು ‘ಅಭಿಮಾನ್ ಸ್ಟುಡಿಯೋ’ ಕಟ್ಟಲು ಹೊರಟರು. ದುಡಿದದ್ದನ್ನು ಅದಕ್ಕೆ ಸುರಿದರು, ಸಾಲವನ್ನೂ ಹೊತ್ತರು. ಆದರೆ ಒಬ್ಬ ನಟನ ಸಂಪಾದನೆಯಿಂದ ಸ್ಟುಡಿಯೋ ನಿಲ್ಲುವುದು ಕಷ್ಟ. ಕನಸು ಪೂರ್ತಿಯಾಗಲಿಲ್ಲ. ಇಳಿವಯಸ್ಸಿನಲ್ಲೂ ಬಣ್ಣ ಹಚ್ಚುತ್ತಲೇ ಇದ್ದ ಅವರು 1995ರ ಜುಲೈನಲ್ಲಿ ತೀರಿಕೊಂಡರು.

2009ರ ಡಿಸೆಂಬರ್‌ನಲ್ಲಿ ನಟ ವಿಷ್ಣುವರ್ಧನ್ ನಿಧನರಾದಾಗ ಅವರ ಅಂತ್ಯಕ್ರಿಯೆ ನಡೆದದ್ದು ಇದೇ ಸ್ಟುಡಿಯೋದ ನೆಲದಲ್ಲಿ. ಮುಂದೆ ಆ ಜಮೀನು ಕೋರ್ಟು ವ್ಯಾಜ್ಯಕ್ಕೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ಕೆಡವಿದಾಗ ನಾಡಿನ ಜನ ಮರುಗಿದರು. ಬಾಲಕೃಷ್ಣರ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು, ಆದರೆ ಜಮೀನಿನ ಜಗಳದ ಸುದ್ದಿಯಾಗಿ. ಇದು ನೋವಿನ ಸಂಗತಿ. ಕಟ್ಟಿದ ಕಟ್ಟಡ ಉಳಿಯಲಿಲ್ಲ ಎಂದ ಮಾತ್ರಕ್ಕೆ ಆ ಬಾಳು ಸೋತಿತು ಎನ್ನಬಹುದೇ? ನೀವು ಒಪ್ಪಲಾರಿರಿ. ಇಂದಿಗೂ ಟಿ.ವಿ.ಯಲ್ಲಿ ರಾಚೂಟಪ್ಪ ಬಂದು ನಿಂತರೆ ಮೊಮ್ಮಕ್ಕಳು ಮೊಬೈಲ್ ಕೆಳಗಿಟ್ಟು ನೋಡುತ್ತಾರೆ.

ಕೊನೆಗೆ ನಿಮ್ಮಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲೂ ಕಿವಿ ಕೇಳದವರಿದ್ದಾರೆ. ವಯಸ್ಸಾದ ಅಪ್ಪ ಇರಬಹುದು, ಶಾಲೆಗೆ ಹೋಗುವ ಮಗು ಇರಬಹುದು. ಎರಡು ಸಲ ಹೇಳಿ ಮೂರನೆಯ ಸಲಕ್ಕೆ ನಾವು ರೇಗುತ್ತೇವೆ, ಇಲ್ಲವೆ ಬಿಡು ಎಂದು ಸುಮ್ಮನಾಗುತ್ತೇವೆ. ಮನೆಯವರೆಲ್ಲ ನಗುವಾಗ ಅವರೊಬ್ಬರು ಏನೂ ತಿಳಿಯದೆ ಸುಮ್ಮನೆ ನಕ್ಕು ಕುಳಿತಿರುತ್ತಾರೆ. ಆ ನಗುವನ್ನು ನೀವು ಗಮನಿಸಿದ್ದೀರಾ?

ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ಎದುರಿಗೆ ಕುಳಿತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿರುಚಬೇಡಿ, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡಿ. ಮಗುವಿಗೆ ಕೇಳಿಸುತ್ತಿಲ್ಲ ಎಂಬ ಅನುಮಾನ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಎದುರಿನವರ ತುಟಿ ಕಾಣುತ್ತಿದ್ದರೆ ಬಾಲಕೃಷ್ಣರಿಗೆ ಮಾತು ತಿಳಿಯುತ್ತಿತ್ತು. ಅಷ್ಟು ಸಣ್ಣ ಉಪಕಾರವನ್ನು ನಮ್ಮ ಮನೆಯವರಿಗೆ ನಾವು ಮಾಡಲಾರೆವೇ?