ವಲಸೆ ಬಂದ ಲೆಕ್ಕಿಗರು: ದಿವಾನ್ ಪೂರ್ಣಯ್ಯನವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ಮಾಧ್ವ ಮನೆತನಗಳ ಹಿರಿಯರನ್ನು ವಿಚಾರಿಸಿದರೆ, ತಮ್ಮ ಪೂರ್ವಿಕರು ಬೇರೊಂದು ಕಡೆಯಿಂದ ಬಂದು ನೆಲೆಸಿದವರೆಂಬ ಮಾತು ಒಂದಲ್ಲ ಒಂದು ಮನೆಯಲ್ಲಿ ಕೇಳಿಬರುವುದುಂಟು. ಬಂದ ಊರಿನಲ್ಲಿ ಭೂಮಿಯೂ ಇಲ್ಲದೆ ಬಂಧುಬಳಗವೂ ಇಲ್ಲದೆ ಇದ್ದವನು ಯಾವ ವೃತ್ತಿಯನ್ನು ಹಿಡಿಯಬೇಕು, ಎಷ್ಟರ ಮಟ್ಟಿಗೆ ಸಾಹಸಕ್ಕೆ ಕೈಯಿಕ್ಕಬೇಕು ಎಂಬ ಚಿಂತೆ ಅವರೆಲ್ಲರನ್ನೂ ಕಾಡಿರಲೇಬೇಕು. ಆ ಚಿಂತೆಗೆ ಒಬ್ಬರು ಮಹನೀಯರು ಕಂಡುಕೊಂಡ ದಾರಿಯನ್ನು ಅರಿಯಬೇಕಾದರೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರ ಚರಿತ್ರೆಯನ್ನು ನೋಡಬೇಕು.

ಪೂರ್ಣಯ್ಯನವರು 1746ರಲ್ಲಿ ಕೊಯಮತ್ತೂರು ಪ್ರಾಂತದ ಬಡ ಮಾಧ್ವ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಂಸಾರದ ಭಾರವು ಎಳೆಯ ಹೆಗಲ ಮೇಲೆ ಬಿದ್ದಿತು. ವೈದಿಕ ವೃತ್ತಿಯನ್ನು ಅವಲಂಬಿಸೋಣವೆಂದರೆ ಅದಕ್ಕೆ ಗೊತ್ತಿನ ಊರು, ಗೊತ್ತಿನ ಶಿಷ್ಯವರ್ಗ ಬೇಕು. ಬೇಸಾಯಕ್ಕೆ ನೆಲ ಬೇಕು. ಹುಡುಗನು ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕುಳಿತನು. ತರುವಾಯ ಹೈದರಲಿಯ ಅರಮನೆಗೂ ಸೈನ್ಯಕ್ಕೂ ಸಾಮಗ್ರಿ ಒದಗಿಸುತ್ತಿದ್ದ ಅನ್ನದಾನ ಸೆಟ್ಟರ ಬಳಿ ಸೇರಿ, ಅವರ ಲೆಕ್ಕಪತ್ರಗಳ ಮೂಲಕವೇ ಶ್ರೀರಂಗಪಟ್ಟಣದ ದರ್ಬಾರಿನ ಕಣ್ಣಿಗೆ ಬಿದ್ದರು. ತಮಿಳು ನಾಡಿನಿಂದ ಬಂದ ಅವರು ಕನ್ನಡ, ಮರಾಠಿ, ಹಿಂದೂಸ್ತಾನಿಗಳನ್ನು ಮಾತನಾಡಬಲ್ಲವರಾಗಿದ್ದರು. ಪಾರಸಿಯ ಪರಿಚಯವೂ ಅವರಿಗಿತ್ತು. ಊರು ಬಿಟ್ಟವನು ಗಂಟು ಕಟ್ಟಿ ಒಯ್ಯಬಹುದಾದ ಆಸ್ತಿಯೆಂದರೆ ಅಂಕಿಯೂ ಭಾಷೆಯೂ ಅಲ್ಲವೇ?

ಹೈದರನಿಗೂ ಇಂತಹ ನೌಕರರು ಬೇಕಾಗಿದ್ದರು. ಪಾಳೆಯಗಾರರೊಡನೆಯಾಗಲಿ ಹಳೆಯ ಅರಮನೆಯ ಪಕ್ಷಗಳೊಡನೆಯಾಗಲಿ ಯಾವ ನಂಟೂ ಇಲ್ಲದ ಪರಸ್ಥಳದವನ ಕೈಯಲ್ಲಿ ಬೊಕ್ಕಸದ ಬೀಗದಕೈ ಇದ್ದರೆ ದೊರೆಗೆ ನಿಶ್ಚಿಂತೆ. ಆದರೆ ಅಂತಹವನಿಗೆ ದೊರೆಯ ಕೃಪೆಯ ಹೊರತು ಬೇರೆ ಆಸರೆಯೂ ಇಲ್ಲ.

ಇದರ ಪರೀಕ್ಷೆ 1782ರ ಡಿಸೆಂಬರ್ ತಿಂಗಳಿನಲ್ಲಿ ಒದಗಿತು. ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ಮರಣಹೊಂದಿದಾಗ ಅವನ ಮಗ ಟಿಪ್ಪುವು ದೂರದ ಮಲಬಾರಿನಲ್ಲಿದ್ದನು. ಎದುರಿಗೆ ಶತ್ರುಸೈನ್ಯ. ದೊರೆಯಿಲ್ಲವೆಂಬ ಸುದ್ದಿ ಹೊರಬಿದ್ದರೆ ಪಾಳೆಯವೇ ಚದುರಿಹೋಗುವ ಭೀತಿ. ಪೂರ್ಣಯ್ಯನವರೂ ಅವರ ಸಹೋದ್ಯೋಗಿ ಕೃಷ್ಣರಾಯರೂ ಇತರ ಪ್ರಮುಖರೊಡನೆ ಸೇರಿ ಸುದ್ದಿಯನ್ನು ಅಡಗಿಸಿದರು. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಲಾಯಿತು. ಕಿರಿಯ ಮಗನನ್ನು ಪಟ್ಟಕ್ಕೆ ತರಲು ನಡೆದ ಒಳಸಂಚನ್ನೂ ಮುರಿದುದಾಯಿತು. ಟಿಪ್ಪುವು ಬಂದು ಸೇರುವವರೆಗೆ ಸೈನ್ಯ ಅಲುಗಲಿಲ್ಲ. ಗುಟ್ಟು ರಟ್ಟಾಗಿದ್ದರೆ ಪೂರ್ಣಯ್ಯನವರಿಗೆ ಆಶ್ರಯ ಕೊಡುವ ಕೋಟೆಯೊಂದೂ ಈ ರಾಜ್ಯದಲ್ಲಿರಲಿಲ್ಲ. ಅಂದು ಸಂಚುಗಾರರ ಕಡೆಗೆ ವಾಲಿದ್ದರೂ ಅಪಾಯ, ವಾಲದಿದ್ದರೂ ಅಪಾಯ. (ಆ ಹೈದರನ ಗುಮ್ಮಟದ ನುಣುಪಾದ ಕರಿಯ ಕಂಬಗಳ ಶಿಲೆ ಹೋದದ್ದು ನಮ್ಮ ತುರುವೇಕೆರೆಯ ಸಮೀಪದ ಕಲ್ಲುಗಣಿಯಿಂದ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.)

ನಿಷ್ಠೆಯೊಂದೇ ರಕ್ಷೆಯಾಗಲಾರದೆಂಬುದು 1791ರಲ್ಲಿ ಸ್ಪಷ್ಟವಾಯಿತು. ಇಂಗ್ಲಿಷರೊಡನೆ ಒಳಸಂಬಂಧವಿದೆಯೆಂಬ ಸಂಶಯದಿಂದ ಟಿಪ್ಪುವು ಕೃಷ್ಣರಾಯರನ್ನು ಕೊಲ್ಲಿಸಿದನು. ಅದೇ ವರ್ಷ ಪರಶುರಾಮ ಭಾವೂವಿನ ಮರಾಠಾ ದಂಡು ಚಿಕ್ಕನಾಯಕನಹಳ್ಳಿಯನ್ನು ಸೂರೆಮಾಡಿ, ಹೂತಿಟ್ಟ ಹಣಕ್ಕಾಗಿ ಜನರನ್ನು ಹಿಂಸಿಸಿತು. ಮನೆಮಾರು ಉಳ್ಳವರೂ ಹೀಗೆ ಒಂದೇ ದಿನದಲ್ಲಿ ಬರಿಗೈಯಾದ ಕಾಲವದು. ಜೊತೆಗಾರನ ಗತಿಯನ್ನು ಕಣ್ಣಾರೆ ಕಂಡೂ ಪೂರ್ಣಯ್ಯನವರು ಕೆಲಸ ಬಿಟ್ಟು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಅರ್ಧ ಆಯುಸ್ಸನ್ನು ಸವೆಸಿ ಅರಿತ ಲೆಕ್ಕವೆಲ್ಲ ಮೈಸೂರಿನದು.

ಆ ಅರಿವೇ 1799ರಲ್ಲಿ ಅವರನ್ನು ಉಳಿಸಿತು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಗೆದ್ದ ಇಂಗ್ಲಿಷರಿಗೆ ಗ್ರಾಮಗ್ರಾಮದ ಹುಟ್ಟುವಳಿಯನ್ನು ಬಲ್ಲವರು ಬೇಕಾಗಿದ್ದರು. ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ, ಸೋತ ದೊರೆಯ ಮಂತ್ರಿಯಾಗಿದ್ದವರೇ ಹೊಸ ರಾಜ್ಯದ ದಿವಾನರಾದರು. ಇದನ್ನು ಸಮಯಸಾಧಕತನವೆಂದು ಹಳಿದವರುಂಟು. ಆ ಮಾತನ್ನು ತೀರ ತಳ್ಳಿಹಾಕಲಾಗದು; ಆದರೆ ಹಾಗೆ ಹೇಳುವವರು ಅವರಿಗೆ ಹಿಂದಿರುಗಲು ಬೇರೊಂದು ಮನೆಯಿರಲಿಲ್ಲವೆಂಬುದನ್ನೂ ಗಣಿಸಬೇಕು.

1800ರಲ್ಲಿ ಕಂಪನಿಯ ಪರವಾಗಿ ನಾಡನ್ನು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ದಿವಾನರನ್ನು ಕಂಡು, ಅವರು ಕೊಯಮತ್ತೂರಿನ ಕಡೆಯ ಮಾಧ್ವರೆಂದು ಬರೆದಿಟ್ಟನು. ಅವನು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಿಗೂ ಬಂದು ಇಲ್ಲಿನ ತೆಂಗಿನ ತೋಟಗಳನ್ನೂ ವ್ಯಾಪಾರವನ್ನೂ ವರ್ಣಿಸಿದ್ದಾನೆ. ಸೂರೆಯಾಗಿ ಹತ್ತು ವರ್ಷವೂ ತುಂಬಿರಲಿಲ್ಲ. ತೆಂಗಿನ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ ಬೇಕೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಬೇಕಾಗಿಲ್ಲ. ನಾಳೆಯೂ ಇದೇ ಊರಿನಲ್ಲಿರುವೆನೆಂಬ ಭರವಸೆಯಿಲ್ಲದವನು ಸಸಿ ನೆಡಲಾರನು. ಆ ಭರವಸೆಯನ್ನು ಕೊಡಬೇಕಾದ ಹೊಣೆ, ಸ್ವತಃ ತೋಟವಿಲ್ಲದೆ ಬೆಳೆದ ಮನುಷ್ಯನ ಪಾಲಿಗೆ ಬಂದಿತ್ತು. ಕೆರೆಕಾಲುವೆಗಳ ದುರಸ್ತಿ ನಡೆಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯು 1804ರಲ್ಲಿ ಸಿದ್ಧವಾಯಿತು. ವರ್ಷಕ್ಕೆ ಏಳು ಲಕ್ಷ ವರಹಗಳ ಕಪ್ಪವನ್ನು ಕಂಪನಿಗೆ ಸಲ್ಲಿಸಿಯೂ, ಅಧಿಕಾರ ಬಿಡುವ ವೇಳೆಗೆ ಬೊಕ್ಕಸದಲ್ಲಿ ಸುಮಾರು ಎರಡು ಕೋಟಿ ರೂಪಾಯಿ ಕೂಡಿತ್ತೆಂದು ಹೇಳುವರು. ಅಷ್ಟು ಹಣವು ರೈತನ ಕಣಜದಿಂದಲೇ ಬಂದುದೆಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಎರಡು ಆಳ್ವಿಕೆಗಳು ಮುಗಿದುದನ್ನು ಕಂಡ ಲೆಕ್ಕಿಗನಿಗೆ ಕೂಡಿಡುವುದರಲ್ಲಿ ಇದ್ದ ನಂಬಿಕೆ ಖರ್ಚುಮಾಡುವುದರಲ್ಲಿ ಇರಲಿಲ್ಲವೆಂದು ತೋರುತ್ತದೆ.

ಅವರಿಗೆ ಸ್ವಂತ ನೆಲವೆಂಬುದು ಶಾಶ್ವತವಾಗಿ ದೊರೆತದ್ದು 1807ರಲ್ಲಿ, ಅರವತ್ತು ತುಂಬಿದ ಮೇಲೆ. ಅಂದು ಯಳಂದೂರು ಅವರಿಗೂ ಅವರ ಸಂತತಿಗೂ ಜಹಗೀರಾಗಿ ಸಂದಿತು. 1811ರಲ್ಲಿ ತರುಣ ಮಹಾರಾಜರಿಗೆ ರಾಜ್ಯಭಾರವನ್ನು ಒಪ್ಪಿಸಿ ನಿವೃತ್ತರಾದ ಪೂರ್ಣಯ್ಯನವರು 1812ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಸ್ವರ್ಗಸ್ಥರಾದರು. ಅವರ ವಂಶಜರಾದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.