ಎಂ. ವಿ. ಗೋಪಾಲಸ್ವಾಮಿ

ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರಜ್ಞರು, ಪ್ರಾಧ್ಯಾಪಕರು ಹಾಗೂ ಕರ್ನಾಟಕದ ಮೊದಲ ಬಾನುಲಿ ಕೇಂದ್ರದ ಸ್ಥಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಮುಂದೆ ಮಹಾರಾಜ ಕಾಲೇಜಿನ ಪ್ರಾಂಶುಪಾಲರೂ ಆದರು.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದಿಂದ ಪ್ರಸಾರ ಆರಂಭಿಸಿದರು. ಸಹೋದ್ಯೋಗಿ ನಾ. ಕಸ್ತೂರಿಯವರು ಈ ಕಾರ್ಯದಲ್ಲಿ ನೆರವಾದರು. ಕೇಂದ್ರವು ‘ಆಕಾಶವಾಣಿ’ ಎಂದು ಹೆಸರಾಯಿತು. ಆರಂಭದಲ್ಲಿ ವೆಚ್ಚವನ್ನು ಗೋಪಾಲಸ್ವಾಮಿಯವರೇ ಭರಿಸಿದರು. ಆದರೆ ಒಬ್ಬರ ಗಳಿಕೆಯಿಂದ ಕೇಂದ್ರವನ್ನು ಬಹುಕಾಲ ನಡೆಸಲಾಗದೆ, ಸಾರ್ವಜನಿಕರ ಹಾಗೂ ಪುರಸಭೆಯ ನೆರವು ಪಡೆಯಬೇಕಾಯಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಆಲ್ ಇಂಡಿಯಾ ರೇಡಿಯೋ ಇದೇ ಹೆಸರನ್ನು ಸ್ವೀಕರಿಸಿದ್ದರಿಂದ, ಒಂದು ಮನೆಯಲ್ಲಿ ಮೊದಲಾದ ಆಕಾಶವಾಣಿ ದೇಶದ ಬಾನುಲಿಯ ಹೆಸರಾಗಿ ಉಳಿಯಿತು.