ಪಿಟೀಲುಗಾರ ನೀಲ್ ಗೌ

ಬ್ರಿಟನ್ ದ್ವೀಪದ ಉತ್ತರ ಭಾಗವೇ ಸ್ಕಾಟ್ಲೆಂಡ್. ಬೆಟ್ಟಗಳಿಂದಲೂ ಸರೋವರಗಳಿಂದಲೂ ಕೂಡಿದ ಆ ನಾಡಿನ ಎತ್ತರದ ಸೀಮೆಯಲ್ಲಿ, ಕೆಲ್ಟಿಕ್ ಭಾಷೆಗಳಲ್ಲೊಂದಾದ ಗೇಲಿಕ್ ನುಡಿಯನ್ನಾಡುವ ಜನರು ಬಹುಕಾಲದಿಂದ ನೆಲೆಸಿದ್ದರು. ಮದುವೆಯಾಗಲಿ, ಸುಗ್ಗಿಯಾಗಲಿ, ಸಂಗೀತವೂ ಕುಣಿತವೂ ಇಲ್ಲದೆ ಅವರಿಗೆ ಸಂಭ್ರಮವೆನಿಸುತ್ತಿರಲಿಲ್ಲ. ಇಟಲಿಯಲ್ಲಿ ರೂಪುಗೊಂಡ ಪಿಟೀಲು ಸ್ಕಾಟ್ಲೆಂಡಿಗೆ ಬಂದು, ಹದಿನೆಂಟನೆಯ ಶತಮಾನದ ಹೊತ್ತಿಗೆ ಆ ಜನರ ಅಚ್ಚುಮೆಚ್ಚಿನ ವಾದ್ಯವಾಯಿತು. ನಮ್ಮ ಸಂಗೀತ ಕಛೇರಿಗಳಲ್ಲಿ ಕೇಳಿಬರುವ ಪಿಟೀಲೂ ಅದೇ ವಾದ್ಯ. ಈ ವಾದ್ಯದಿಂದ ತನ್ನ ನಾಡಿನ ಕುಣಿತದ ಮಟ್ಟುಗಳಿಗೆ ಹೊಸ ಗೌರವವನ್ನು ತಂದುಕೊಟ್ಟವನು ನೀಲ್ ಗೌ.

ನೀಲ್ ಗೌ 1727ನೆಯ ಇಸವಿ ಮಾರ್ಚ್ 22ರಂದು ಪರ್ತ್‌ಷೈರ್ ಪ್ರಾಂತದ ಸ್ಟ್ರಾಥ್‌ಬ್ರಾನ್ ಎಂಬಲ್ಲಿ ಜನಿಸಿದನು. ಅವನು ಕೂಸಾಗಿದ್ದಾಗಲೇ ಅವನ ಕುಟುಂಬವು ಡಂಕೆಲ್ಡ್ ಪಟ್ಟಣಕ್ಕೆ ಸಮೀಪವಾದ ಇನ್ವರ್ ಎಂಬ ಹಳ್ಳಿಗೆ ಬಂದು ನೆಲೆಸಿತು. ತಂದೆ ಜಾನ್ ಗೌ ನೇಕಾರ. ಆ ಸೀಮೆಯ ಜನರು ಹೊದೆಯುತ್ತಿದ್ದ ಬಣ್ಣಬಣ್ಣದ ಚೌಕಳಿಯ ಉಣ್ಣೆಬಟ್ಟೆಯನ್ನು ನೇಯುವುದು ಅವನ ಕಸುಬು. ಮಗನೂ ಮಗ್ಗದ ಮುಂದೆ ಕುಳಿತು ಅದೇ ಕಸುಬನ್ನು ಕಲಿತನು. ಆದರೆ ಅವನ ಮನಸ್ಸೆಲ್ಲ ಪಿಟೀಲಿನಲ್ಲಿತ್ತು. ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ ಅವನು ವಾದ್ಯವನ್ನು ಕೈಗೆತ್ತಿಕೊಂಡು, ಹೆಚ್ಚಿನ ಮಟ್ಟಿಗೆ ತಾನೇ ಅಭ್ಯಾಸ ಮಾಡಿದನು. ಹದಿಮೂರನೆಯ ವಯಸ್ಸಿನ ವೇಳೆಗೆ ಜಾನ್ ಕ್ಯಾಮರನ್ ಎಂಬ ವಾದಕನಿಂದ ಅವನಿಗೆ ಸ್ವಲ್ಪಕಾಲ ಶಿಕ್ಷಣ ದೊರೆಯಿತು.

1745ರಲ್ಲಿ ಪಿಟೀಲುವಾದನದ ಸ್ಪರ್ಧೆಯೊಂದು ಏರ್ಪಟ್ಟಿತು. ಹಿರಿಯ ವಾದಕರ ಎದುರು ನಿಲ್ಲಲು ತಾನು ಯೋಗ್ಯನಲ್ಲವೆಂದು ನೀಲ್ ಹಿಂಜರಿದನು. ಸ್ನೇಹಿತರ ಒತ್ತಾಯದಿಂದ ಕೊನೆಗೆ ಒಪ್ಪಿಕೊಂಡನು. ತೀರ್ಪುಗಾರನಾಗಿದ್ದ ಜಾನ್ ಮೆಕ್ರಾ ಕುರುಡನಾದ ಹಿರಿಯ ಸಂಗೀತಗಾರ. ವಾದಕರ ಮುಖವನ್ನಾಗಲಿ ಉಡುಪನ್ನಾಗಲಿ ಕಾಣದ ಅವನು ನಾದವನ್ನು ಮಾತ್ರ ಕೇಳಿ ನೀಲ್‌ಗೆ ಬಹುಮಾನವನ್ನು ಕೊಟ್ಟನು. ನೂರು ಜನ ಬಾರಿಸುತ್ತಿದ್ದರೂ ನೀಲ್‌ನ ಕಮಾನಿನ ಎಳೆತವನ್ನು ತಾನು ಗುರುತಿಸಬಲ್ಲೆನೆಂದು ಅವನು ನುಡಿದನೆಂಬ ಪ್ರತೀತಿಯಿದೆ. ಆಗ ನೀಲ್‌ನ ವಯಸ್ಸು ಕೇವಲ ಹದಿನೆಂಟು.

ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ದಂಗೆಯೆದ್ದಿತು. ತನ್ನ ವಂಶಕ್ಕೆ ಬ್ರಿಟನ್ನಿನ ಸಿಂಹಾಸನವನ್ನು ಮರಳಿ ಪಡೆಯಲು ಬಂದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟೂಅರ್ಟನ ಪಕ್ಷವನ್ನು ಎತ್ತರದ ಸೀಮೆಯ ಅನೇಕ ಕುಲಗಳು ವಹಿಸಿದುವು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಆ ಸೈನ್ಯವು ಸಂಪೂರ್ಣವಾಗಿ ಸೋತಿತು. ಕುಲನಾಯಕರ ಅಧಿಕಾರವು ಮುರಿದುಬಿದ್ದಿತು. ಗಂಡಸರು ಚೌಕಳಿಯ ಉಡುಪನ್ನು ಧರಿಸಬಾರದೆಂಬ ಕಾನೂನು 1747ರಲ್ಲಿ ಜಾರಿಗೆ ಬಂದು, 1782ರವರೆಗೂ ಉಳಿಯಿತು. ಹಳೆಯ ಬದುಕಿನ ಕುರುಹುಗಳು ಒಂದೊಂದಾಗಿ ಅಳಿಯುತ್ತಿದ್ದ ಆ ದಿನಗಳಲ್ಲಿ ಜನರ ಪಾಲಿಗೆ ಉಳಿದಿದ್ದ ಸ್ವತ್ತುಗಳಲ್ಲಿ ಸಂಗೀತವೂ ಒಂದು. ಅದನ್ನು ಕಾಪಾಡಿದವರಲ್ಲಿ ನೀಲ್ ಗೌ ಪ್ರಮುಖನಾದನು.

ಅಥೋಲ್ ಪ್ರಾಂತದ ಡ್ಯೂಕನು ನೀಲ್‌ನಿಗೆ ಆಶ್ರಯವಿತ್ತನು. ಬ್ಲೇರ್ ಕೋಟೆಯಲ್ಲಿಯೂ ಇತರ ಶ್ರೀಮಂತರ ಮನೆಗಳಲ್ಲಿಯೂ ನಡೆಯುತ್ತಿದ್ದ ನೃತ್ಯಕೂಟಗಳಿಗೆ ಅವನೇ ಬರಬೇಕೆಂದು ಜನರು ಬಯಸುತ್ತಿದ್ದರು. ತಮ್ಮನಾದ ಡೊನಾಲ್ಡನು ಚೆಲ್ಲೊ ಎಂಬ ದೊಡ್ಡ ತಂತಿವಾದ್ಯದಲ್ಲಿ ಜೊತೆಗೂಡುತ್ತಿದ್ದನು. ರೀಲ್ ಎಂಬುದು ವೇಗವಾದ ಕುಣಿತದ ಮಟ್ಟು. ಸ್ಟ್ರಾಥ್‌ಸ್ಪೇ ಎಂಬುದು ಅದಕ್ಕಿಂತ ನಿಧಾನವಾದುದು; ಗಿಡ್ಡ ಸ್ವರವೊಂದು ಥಟ್ಟನೆ ಬಂದು ದೀರ್ಘಸ್ವರಕ್ಕೆ ಸೇರುವುದು ಅದರ ವೈಶಿಷ್ಟ್ಯ. ಸಾಮಾನ್ಯವಾಗಿ ಕಮಾನನ್ನು ಮೇಲಕ್ಕೆ ತಳ್ಳುವಾಗ ನಾದವು ಕ್ಷೀಣವಾಗುತ್ತದೆ. ನೀಲ್‌ನಾದರೋ ಮೇಲುಮುಖದ ಎಳೆತದಲ್ಲಿಯೂ ಅಪಾರ ಶಕ್ತಿಯನ್ನು ತುಂಬುತ್ತಿದ್ದನು. ಆ ಬಲದಿಂದ ಕುಣಿಯುವವರ ಕಾಲುಗಳು ತಾವಾಗಿಯೇ ಚುರುಕಾಗುತ್ತಿದ್ದುವು.

ಕೀರ್ತಿ ಬಂದರೂ ಅವನು ಇನ್ವರ್ ಗ್ರಾಮವನ್ನು ಬಿಟ್ಟು ನಗರವಾಸಿಯಾಗಲಿಲ್ಲ. ಡ್ಯೂಕನ ಮುಂದೆಯೂ ರೈತನ ಮುಂದೆಯೂ ಅವನ ಮಾತು ಒಂದೇ ಬಗೆಯದು. ಆಶ್ರಯವನ್ನು ಪಡೆದರೂ ಅವನು ಆತ್ಮಗೌರವವನ್ನು ಒತ್ತೆಯಿಡಲಿಲ್ಲ. ಅವನ ನೇರನುಡಿಯನ್ನೂ ಹಾಸ್ಯವನ್ನೂ ಶ್ರೀಮಂತರು ಮೆಚ್ಚಿಕೊಂಡರು. ಸ್ಕಾಟ್ಲೆಂಡಿನ ಮಹಾಕವಿ ರಾಬರ್ಟ್ ಬರ್ನ್ಸ್ 1787ರ ಆಗಸ್ಟ್ ತಿಂಗಳಿನಲ್ಲಿ ಅವನನ್ನು ಕಂಡು, ವಾದನವನ್ನು ಕೇಳಿ ಸಂತೋಷಪಟ್ಟು, ಅವನ ಗಿಡ್ಡನೆಯ ದೃಢಕಾಯವನ್ನೂ ಪ್ರಾಮಾಣಿಕ ಮುಖವನ್ನೂ ತನ್ನ ದಿನಚರಿಯಲ್ಲಿ ಬಣ್ಣಿಸಿದನು. ಪ್ರಸಿದ್ಧ ಚಿತ್ರಕಾರ ಹೆನ್ರಿ ರೇಬರ್ನ್ ಅವನ ಭಾವಚಿತ್ರವನ್ನು ರಚಿಸಿದನು. ಅದರಲ್ಲಿ ನೀಲ್ ಚೌಕಳಿಯ ಉಡುಪನ್ನು ಧರಿಸಿ, ಕುರ್ಚಿಯ ಮೇಲೆ ಕುಳಿತು ಪಿಟೀಲು ಬಾರಿಸುತ್ತಿದ್ದಾನೆ. ಒಮ್ಮೆ ನಿಷೇಧಕ್ಕೊಳಗಾಗಿದ್ದ, ತನ್ನ ತಂದೆ ಮಗ್ಗದಲ್ಲಿ ನೇಯುತ್ತಿದ್ದ ಅದೇ ಬಗೆಯ ಬಟ್ಟೆ ಅದು.

ನೀಲ್‌ನ ಮಕ್ಕಳೂ ಸಂಗೀತಗಾರರಾದರು. ಅವರಲ್ಲಿ ನಥೇನಿಯಲ್ ಎಡಿನ್‌ಬರೊ ನಗರದಲ್ಲಿ ವಾದಕನಾಗಿಯೂ ಸಂಗೀತ ಪ್ರಕಾಶಕನಾಗಿಯೂ ಹೆಸರು ಪಡೆದನು. ಮಟ್ಟುಗಳು ವಾದಕನ ನೆನಪಿನಲ್ಲಿ ಮಾತ್ರ ಇದ್ದರೆ ಅವನೊಂದಿಗೆ ಮರೆಯಾಗುವ ಭಯವುಂಟು. ಮಕ್ಕಳ ನೆರವಿನಿಂದ ನೀಲ್‌ನ ಮೊದಲ ಸಂಗ್ರಹವು 1784ರಲ್ಲಿ ಅಚ್ಚಾಯಿತು. 1788ರಲ್ಲಿ ಎರಡನೆಯದೂ 1792ರಲ್ಲಿ ಮೂರನೆಯದೂ ಹೊರಬಂದುವು. ಈ ಸಂಗ್ರಹಗಳಲ್ಲಿ ಒಂದು ಕುಂದೂ ಉಂಟು. ವಿಲಿಯಂ ಮಾರ್ಷಲ್ ಮೊದಲಾದ ಇತರರ ಮಟ್ಟುಗಳಲ್ಲಿ ಕೆಲವು ಮೂಲಕರ್ತೃವಿನ ಹೆಸರಿಲ್ಲದೆ ಇವುಗಳಲ್ಲಿ ಸೇರಿಕೊಂಡಿವೆ. ಇದರಿಂದ ನೀಲ್‌ನ ಸ್ವಂತ ರಚನೆಗಳಾವುವೆಂದು ನಿರ್ಣಯಿಸಲು ವಿದ್ವಾಂಸರು ಶ್ರಮಪಡಬೇಕಾಯಿತು. ಆದರೂ ಒಂದು ನಾಡಿನ ಸಂಗೀತವು ಮುಂದಿನ ಪೀಳಿಗೆಯ ಕೈಸೇರಲು ಈ ಸಂಗ್ರಹಗಳು ಕಾರಣವಾದುವೆಂಬುದರಲ್ಲಿ ಸಂಶಯವಿಲ್ಲ.

ಅನೇಕರನ್ನು ಕುಣಿಸಿ ನಲಿಸಿದ ಈ ಕಲಾವಿದನು ದುಃಖವನ್ನೂ ಉಂಡವನು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1768ರಲ್ಲಿ ಅವನು ಪರ್ತ್ ಪಟ್ಟಣದ ಮಾರ್ಗರೆಟ್ ಉರ್ಕಟ್ ಎಂಬವಳನ್ನು ಮದುವೆಯಾದನು. ಬೆಳೆದ ಮಕ್ಕಳಲ್ಲಿ ಕೆಲವರು ಅವನ ಕಣ್ಣೆದುರಿನಲ್ಲಿಯೇ ಮರಣಹೊಂದಿದರು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಂಗಾತಿಯಾಗಿದ್ದ ಮಾರ್ಗರೆಟ್ 1805ರಲ್ಲಿ ಕಾಲವಾದಳು. ದುಃಖಭಾರದಿಂದ ಮುದುಕನಾದ ನೀಲ್ ಪಿಟೀಲನ್ನು ಮೂಲೆಗಿಟ್ಟನೆಂದೂ, ಗೆಳೆಯರ ಒತ್ತಾಯದಿಂದ ಮತ್ತೆ ಎತ್ತಿಕೊಂಡನೆಂದೂ ಹೇಳುತ್ತಾರೆ. ಆ ಶೋಕದಿಂದ ಹುಟ್ಟಿದುದು ಎರಡನೆಯ ಹೆಂಡತಿಯ ಮರಣಕ್ಕಾಗಿ ಅವನು ರಚಿಸಿದ ವಿಲಾಪಗೀತ. ಅದರಲ್ಲಿ ಪದಗಳಿಲ್ಲ, ಕುಣಿತದ ವೇಗವೂ ಇಲ್ಲ. ನಿಧಾನವಾಗಿ ಏರಿಳಿಯುವ ಸ್ವರಗಳು ಮಾತ್ರ ಉಂಟು. ನೀಲ್‌ನ ರಚನೆಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಇದೇ.

1807ನೆಯ ಇಸವಿ ಮಾರ್ಚ್ 1ರಂದು, ಎಂಬತ್ತು ವರ್ಷ ತುಂಬಲು ಕೆಲವೇ ದಿನಗಳಿರುವಾಗ, ನೀಲ್ ಗೌ ಇನ್ವರ್ ಗ್ರಾಮದಲ್ಲಿಯೇ ಕೊನೆಯುಸಿರೆಳೆದನು. ಸಮೀಪದ ಲಿಟಲ್ ಡಂಕೆಲ್ಡ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯಾಯಿತು. ಸ್ಕಾಟ್ಲೆಂಡಿನಿಂದ ವಲಸೆ ಹೋದ ಜನರು ಅವನ ಮಟ್ಟುಗಳನ್ನು ಕಡಲಾಚೆಗೂ ಕೊಂಡೊಯ್ದರು. ಇಂದಿಗೂ ಪಿಟೀಲುಗಾರರು ಅವುಗಳನ್ನು ಅಭ್ಯಾಸ ಮಾಡುತ್ತಾರೆ. ನೇಕಾರನ ಮಗನಾಗಿ ಹುಟ್ಟಿ, ಹಳ್ಳಿಯಲ್ಲಿಯೇ ಬಾಳಿ, ಹಳ್ಳಿಯ ಸಂಗೀತವನ್ನು ಅರಮನೆಗೆ ಕೊಂಡೊಯ್ದರೂ ಅದರ ಸೊಗಡು ಕೆಡದಂತೆ ನೋಡಿಕೊಂಡುದೇ ನೀಲ್ ಗೌ ಮಾಡಿದ ಹಿರಿಯ ಕೆಲಸ.